ಭೂತಮ್ಮ ತುಳಿಯಗೊಡದ ಕಲ್ಲು

ಬೆಳಗಿನ ಆರಕ್ಕೆ ಹಾಲ್ಕುರಿಕೆ ಸಮೀಪದ ಮರುಳಪ್ಪನವರ ಕೊಬ್ಬರಿ ಅಂಗಳಕ್ಕೆ ಹೋದರೆ ಭೂತಮ್ಮ ಆಗಲೇ ಕೂತಾಗಿದೆ. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಕೊಬ್ಬರಿ ಲೊಡಲೊಡ ಅಂದರೆ ಸರಿ, ಕಲ್ಲಿನ ಮೇಲಿಟ್ಟು ಮಚ್ಚಿನಿಂದ ಮೂರೇ ಏಟು. ಚಿಪ್ಪು ಕಳಚಿ ಗುಂಡನೆಯ ಕೊಬ್ಬರಿ ಒಂದು ಗೀರೂ ಇಲ್ಲದೆ ಅಂಗೈಗೆ ಬರುತ್ತದೆ. ನಾನೂ ಒಂದು ಕಾಯಿಗೆ ಕೈ ಹಾಕಿದೆ, ಚೂರುಚೂರಾಯಿತು. "ಬುಡಿ ಸ್ವಾಮಿ, ಚಟ್ನಿಗಾಯ್ತು," ಎಂದು ನಗುತ್ತಾರೆ.

ದಿನಕ್ಕೆ ಆರುನೂರು ಕಾಯಿ, ಇಪ್ಪತ್ತಾರು ವರ್ಷ. ಗಂಡ ತೀರಿಕೊಂಡ ಮೇಲೆ ಮೂರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದು ಇದೇ ಕೆಲಸ. ಬಲಗೈ ಹೆಬ್ಬೆರಳು ಈಗ ಸರಿಯಾಗಿ ಮಡಚುವುದಿಲ್ಲ. ಈ ಕೆಲಸವನ್ನೇ ಕಳೆದ ಕಾರ್ತಿಕದಲ್ಲಿ ಆಕೆ ಬಿಟ್ಟೆದ್ದರು ಎಂದರೆ ನಂಬಬೇಕು.

ಆದದ್ದಿಷ್ಟು. ಮರುಳಪ್ಪನವರು ಹೊಸ ಗೋದಾಮಿಗೆ ಹೊಸಿಲು ಹಾಕಲೆಂದು ಭೂತಮ್ಮ ಕಾಯಿ ಒಡೆಯುತ್ತಿದ್ದ ಹಳೆಯ ಚಪ್ಪಡಿಯನ್ನೇ ಎಬ್ಬಿಸಿದರು. ನೆಲಕ್ಕೆ ಮುಖ ಮಾಡಿ ಮಲಗಿದ್ದ ವೀರಗಲ್ಲು ಅದು! ಭರ್ಜಿ ಹಿಡಿದು ಕುದುರೆಗಳಿಗೆ ಎದುರಾಗಿ ನಿಂತ ಒಬ್ಬನೇ ಒಬ್ಬ, ಅವನ ಹಿಂದೆ ಸಾಲು ಹಸು, ಕೊನೆಗೊಂದು ಕರು.

"ಅಷ್ಟು ವರ್ಷ ಆ ಪುಣ್ಯಾತ್ಮನ ಬೆನ್ನ ಮೇಲೆ ಮಚ್ಚು ಬಡ್ದಿದ್ದೀನಿ ಕಣ್ರೀ," ಎನ್ನುತ್ತಾರೆ ಭೂತಮ್ಮ.

ಶಾಲೆಯ ಮೇಷ್ಟ್ರು ತೋಂಟದಾರ್ಯ ಅಕ್ಷರಗಳನ್ನು ತಡವಿ ತಡವಿ ಓದಿದರು. ಯಾರೋ ಊರಿನ ದನ ಹೊಡೆದುಕೊಂಡು ಹೋದರು, ಇವನು ಕಾದಾಡಿ ಬಿಡಿಸಿದ, ಅಲ್ಲೇ ಸತ್ತ. ಹೆಸರಿದ್ದ ಜಾಗ ಚಕ್ಕೆ ಎದ್ದುಹೋಗಿತ್ತು. "ಸಣ್ಣ ಕಾಳಗ ಕಣಮ್ಮ. ಯಾವ ರಾಜ್ಯವೂ ಬೀಳಲಿಲ್ಲ, ಏಳಲಿಲ್ಲ. ಇದರಿಂದ ಚರಿತ್ರೆ ಬದಲಾಗಲಿಲ್ಲ," ಎಂದರು.

ಮರುಳಪ್ಪನವರಿಗೆ ಅಷ್ಟೇ ಬೇಕಿತ್ತು. "ಮೇಷ್ಟ್ರೇ ಹೇಳಾಯ್ತಲ್ಲ, ಹಾಕ್ರೋ ಹೊಸಿಲಿಗೆ!"

ಭೂತಮ್ಮ ಮಚ್ಚು ಕೆಳಗಿಟ್ಟರು. "ಯಜಮಾನ್ರೇ, ಅವನ್ನ ತುಳ್ಕಂಡು ಓಡಾಡೋ ಜಾಗದಾಗೆ ನಾನು ಕಾಯಿ ಒಡೆಯಾಕಿಲ್ಲ." ಉಳಿದ ಏಳು ಹೆಂಗಸರೂ ಸೆರಗು ಕೊಡವಿ ಎದ್ದರು.

"ಹೋಗ್ರಿ ಹೋಗ್ರಿ, ಹುಳಿಯಾರಿಂದ ಆಳು ತತ್ತೀನಿ," ಎಂದು ಮರುಳಪ್ಪನವರು ರೇಗಿದರು. ಬೇರೆ ಅಂಗಳಗಳಲ್ಲಿ ಆಳು ಭರ್ತಿ. ಎರಡು ದಿನ ಭೂತಮ್ಮನಿಗೆ ಊಟ ಸೇರಲಿಲ್ಲ. "ದುಡುಕ್ಬುಟ್ಟೆನಾ ಅಂತ ಒಂದೇ ಯೋಚ್ನೆ ಸ್ವಾಮಿ," ಎಂದು ಈಗ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಮೂರನೆಯ ದಿನ ಹುಳಿಯಾರಿನ ಹೆಂಗಸರು ಬಂದೇ ಬಂದರು. ಗೋದಾಮಿನ ಬಾಗಿಲಲ್ಲಿ ಕೆತ್ತನೆ ಮೇಲಾಗಿ ಮಲಗಿಸಿದ್ದ ಕಲ್ಲು ನೋಡಿದರು. ಅವರಲ್ಲಿ ಹಿರಿಯಳಾದ ಭೈರಮ್ಮ ಕರುವಿನ ಮೇಲಿದ್ದ ಸಿಮೆಂಟನ್ನು ಉಗುರಿನಿಂದ ಕೆರೆದು ತೆಗೆದಳು. ದಾಟಲಿಲ್ಲ, ಹೊರಗೇ ಕೂತಳು. "ನಾವೂ ದನ ಕಟ್ಟಿದೋರೇ ಕಣಪ್ಪ. ಇದನ್ನ ಹೆಂಗೆ ತುಳಿಯೋದು?"

ಆ ಸಂಜೆ ಮರುಳಪ್ಪನವರೇ ಹಾರೆ ಹಿಡಿದರು. "ಮನೇಲೂ ಮೂರು ದಿನ ನಂಜೊತೆ ಮಾತಿಲ್ಲ ರೀ, ಇನ್ನೇನು ಮಾಡ್ಲಿ?" ಎಂದು ನನ್ನೆದುರು ತಲೆ ಕೆರೆದುಕೊಳ್ಳುತ್ತಾರೆ. ಕಲ್ಲು ಈಗ ದನದ ಕೊಟ್ಟಿಗೆಯ ಪಕ್ಕ ನೆಟ್ಟಗೆ ನಿಂತಿದೆ. ಭೂತಮ್ಮ ಹೊಸ ಕಲ್ಲಿಗೆ ಕೈ ಪಳಗಿಸಿಕೊಳ್ಳುತ್ತಿದ್ದಾರೆ.

ಮೇಷ್ಟ್ರು ಮಾತ್ರ ಪಟ್ಟು ಬಿಟ್ಟಿಲ್ಲ. ಒಂದು ಕಾಳಗದಿಂದ ಏನಾದೀತು, ಕಳ್ಳರು ಮರುವರ್ಷ ಮತ್ತೆ ಬಂದಿರುತ್ತಾರೆ ಎಂಬುದು ಅವರ ವಾದ. ಅದನ್ನು ಭೂತಮ್ಮನ ಮುಂದಿಟ್ಟೆ. ಆಕೆ ಕೈಯಲ್ಲಿದ್ದ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡರು.

"ಬಂದಿರ್ಬೌದು ಕಣ್ರೀ. ಆದ್ರೆ ಆ ವರ್ಸ ಊರಿನ ಕೂಸುಗಳು ಹಾಲು ಕುಡುದ್ವಲ್ಲ. ಅದ್ರಾಗೆ ಒಂದು ಕೂಸು ನಮ್ಮೋರ್ದೇ ಆಗಿರ್ಬೌದು."