ದೇವರ ಹಿಡಿ ಅಕ್ಕಿ

ಇವತ್ತು ಸಂಜೆ ಅಕ್ಕಿ ಡಬ್ಬ ತೆರೆದಾಗ ಒಣಗಿದ ಬೇವಿನೆಲೆಯ ವಾಸನೆ ಮೂಗಿಗೆ ಬಡಿಯಿತು. ಅರಕಲಗೂಡಿನ ನಮ್ಮ ಹಳೆಯ ಅಡುಗೆಮನೆಯ ವಾಸನೆ ಅದು.

ಅಲ್ಲಿ ಎರಡು ಡಬ್ಬಗಳಿದ್ದವು. ದೊಡ್ಡದು ನಮ್ಮದು, ಮುಚ್ಚಳ ಸೊಟ್ಟಗಾದ ಚಿಕ್ಕದು ದೇವರದು. ಅನ್ನಕ್ಕಿಡುವ ಮುಂಚೆ ಅವ್ವ ಒಂದು ಹಿಡಿ ಅಕ್ಕಿಯನ್ನು ದೇವರ ಡಬ್ಬಕ್ಕೆ ಹಾಕುತ್ತಿದ್ದಳು. ಭಾನುವಾರ ಅದು ಚರ್ಚಿಗೆ ಹೋಗುತ್ತಿತ್ತು. ಹೊಗೆಸೊಪ್ಪು ಪೋಣಿಸಿ ಒರಟಾದ ಅವಳ ಕೈ ದೊಡ್ಡದು, ಹಿಡಿ ಅಂದರೆ ತುಂಬಿ ಚೆಲ್ಲುವಷ್ಟು.

ಒಂದು ದಿನ ನಮ್ಮ ಡಬ್ಬದ ತಳ ಕಾಣುತ್ತಿತ್ತು.

"ಇವತ್ತು ನೀನೇ ಆಕವ್ವ," ಎಂದಳು. ನಾನು ಹಿಗ್ಗಿ ಒಂದು ಹಿಡಿ ಹಾಕಿದೆ.

ಊಟಕ್ಕೆ ಮುಂಚೆ ಇಬ್ಬರೂ ಮೊಣಕಾಲೂರಿದೆವು. ಅವ್ವನ ಪ್ರಾರ್ಥನೆ ಎರಡು ಮಾತಿಗೇ ನಿಂತಿತು. ಮತ್ತೆ ಶುರು ಮಾಡಿದಳು, ಮತ್ತೆ ತಡವರಿಸಿದಳು. ಕೊನೆಗೆ ಎದ್ದುಹೋಗಿ, ಉಳಿದಿದ್ದ ಅಕ್ಕಿಯಲ್ಲಿ ಕೈತುಂಬ ತೆಗೆದು ದೇವರ ಡಬ್ಬಕ್ಕೆ ಸುರಿದಳು.

"ನಾನು ಆಗ್ಲೇ ಆಕಿದ್ನಲ್ಲವ್ವ," ಎಂದೆ.

"ನಿನ್ ಕೈ ಚಿಕ್ದು ಅಂತಾನೇ ನಿನ್ ಕೈಲಿ ಆಕಿಸ್ದೆ ಕಣವ್ವ. ಯೇಸಪ್ಪನ್ಗೆ ಗೊತ್ತಾಗಕ್ಕಿಲ್ವಾ?"

ಆಮೇಲೆ ಅವಳ ಪ್ರಾರ್ಥನೆ ಎಷ್ಟು ಉದ್ದ ಹೋಯಿತೆಂದರೆ ಅನ್ನ ಆರಿಹೋಯಿತು.

ಈಗ ನನ್ನ ಡಬ್ಬ ಮುಚ್ಚಿಟ್ಟು ಆಗಲೇ ಎಷ್ಟೋ ಹೊತ್ತಾಯಿತು. ಆದರೂ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಇವತ್ತು ಬೆಳಗ್ಗೆ ಹಾಸನದ ಬಸ್ಸಿಗೆ ಹೊತ್ತಾಗುತ್ತಿತ್ತು. "ಇವತ್ತು ಪ್ರಾರ್ಥನೆ ನೀನೇ ಮಾಡು ಪುಟ್ಟಿ," ಎಂದು ಐದು ವರ್ಷದ ಮಗಳಿಗೆ ಹೇಳಿದ್ದೆ. ಅವಳು ಹಿಗ್ಗಿ ಕೈ ಮುಗಿದಳು.

ಅವಳದಾದರೆ ಬೇಗ ಮುಗಿಯುತ್ತದೆ ಅಂತಾನೇ ಹೇಳಿದ್ದೆ.