ಸರೀಕರ ನಡುವಿನ ಚುಕ್ಕೆ

ವಿಶ್ವವಿದ್ಯಾಲಯದ ಯೋಜನಾ ವಿಭಾಗದಲ್ಲಿ ಅಂಕಿಅಂಶ ನೋಡಿಕೊಳ್ಳುತ್ತಿದ್ದ ಆಕೆಯನ್ನು ಕಚೇರಿಯವರೆಲ್ಲ ‘ಚುಕ್ಕೆ ಮೇಡಂ’ ಎಂದೇ ಕರೆಯುತ್ತಿದ್ದರು. ಗೇಲಿಗೆ ಇಟ್ಟ ಹೆಸರನ್ನು ಆಕೆ ಹುದ್ದೆಯಂತೆ ಒಪ್ಪಿಕೊಂಡಿದ್ದಳು. ಮಾಡುತ್ತಿದ್ದ ಕೆಲಸವೂ ಅದೇ ತಾನೆ? ನಕ್ಷೆಯ ಅಡಿಗೆರೆಯ ಮೇಲೆ ಒಬ್ಬ ವಿದ್ಯಾರ್ಥಿಗೆ ತಗಲುವ ವೆಚ್ಚ. ನಿಲುಗೆರೆಯ ಮೇಲೆ, ಸೇರಿದವರಲ್ಲಿ ನೂರಕ್ಕೆ ಎಷ್ಟು ಮಂದಿ ಅವಧಿಯೊಳಗೆ ಪದವಿ ಮುಗಿಸಿದರೆಂಬ ಲೆಕ್ಕ. ಎರಡೂ ಸಂಧಿಸುವಲ್ಲಿ ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು ಚುಕ್ಕೆ. ತಮ್ಮದು ಕೆಂಪು, ಉಳಿದವರದು ಬೂದು. ಅಷ್ಟೇ ಹಣದಲ್ಲಿ ಸರೀಕರು ಏನು ಮಾಡಿದರು, ತಾವೇನು ಮಾಡಿದೆವು ಎಂಬುದು ಒಂದೇ ನೋಟಕ್ಕೆ ತಿಳಿಯಬೇಕು.

ಇದರಲ್ಲಿ ಕಷ್ಟದ ಕೆಲಸ ಚುಕ್ಕೆ ಇಡುವುದಲ್ಲ, ಸರೀಕರನ್ನು ಆರಿಸುವುದು. ತಮ್ಮ ವಿಶ್ವವಿದ್ಯಾಲಯದಲ್ಲಿ ಹಗಲು ದುಡಿಯುವವರಿಗಾಗಿ ಸಂಜೆ ತರಗತಿಗಳಿದ್ದವು. ಅಂಥವರಲ್ಲಿ ಹಲವರಿಗೆ ಪದವಿ ಮುಗಿಸಲು ಒಂದೆರಡು ವರ್ಷ ಹೆಚ್ಚು ಹಿಡಿಯುವುದು ಸಹಜ. ಆದ್ದರಿಂದ ಆಕೆ ಸಂಜೆ ತರಗತಿಗಳಿದ್ದ ವಿಶ್ವವಿದ್ಯಾಲಯಗಳನ್ನೇ ಹೆಕ್ಕಿ ಜೊತೆಗಿಟ್ಟಿದ್ದಳು. ಆ ಗುಂಪಿನಲ್ಲಿ ಕೆಂಪು ಚುಕ್ಕೆ ಮೇಲಿತ್ತು. ಬಹಳವೇನಲ್ಲ, ತಲೆಯೆತ್ತಿ ನಿಲ್ಲುವಷ್ಟು. ಆ ಚುಕ್ಕೆ ಏರಿದರೂ ಇಳಿದರೂ ಆಕೆಯ ಮನೆಗೂ ತಟ್ಟುವಂತಿತ್ತು. ಅಣ್ಣನ ಹೆಂಡತಿ ಹಗಲು ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು, ಸಂಜೆ ಇದೇ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಳು. ಒಂದು ವಿಷಯದಲ್ಲೂ ಫೇಲಾಗದೆ ಕೊನೆಯ ವರ್ಷದ ಹೊಸ್ತಿಲಿಗೆ ಬಂದಿದ್ದಳು.

ಯೋಜನಾ ಸಮಿತಿಯ ಸಭೆಯಲ್ಲಿ ನಕ್ಷೆ ನೋಡಿದ ಕುಲಪತಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾರಮ್ಮ ಇವರೆಲ್ಲ? ಅರ್ಧದಷ್ಟು ಹೆಸರು ನಾನು ಕೇಳೇ ಇಲ್ಲ.”

“ನಮ್ಮ ಹಾಗೇ ಸಂಜೆ ತರಗತಿ ನಡೆಸೋರು, ಸರ್.”

“ಇವರ ಪಕ್ಕ ನಿಂತ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ದೊಡ್ಡವರ ಜೊತೆ ಹೋಲಿಸಿ.”

“ದೊಡ್ಡವರಲ್ಲಿ ಸಂಜೆ ಓದೋರೇ ಇಲ್ಲ ಸರ್. ಹೋಲಿಕೆ ಸರಿಹೋಗಲ್ಲ.”

ಕುಲಸಚಿವರು ನಕ್ಕರು. “ಫೋಟೊ ತೆಗೆಸ್ಕೊಳ್ಳೋವಾಗ ಯಾರ ಪಕ್ಕ ನಿಲ್ತೀವಿ ಅನ್ನೋದೂ ಮುಖ್ಯ ಅಲ್ವೇ, ಮೇಡಂ?”

ಅನಂತರ ನಡೆದದ್ದನ್ನು ಇದ್ದಂತೆಯೇ ಹೇಳಬೇಕು. ಸಮಿತಿಯ ಸದಸ್ಯರು ಒಬ್ಬೊಬ್ಬರಾಗಿ ತಾವು ಡಾಕ್ಟರೇಟ್ ಪಡೆದ ವಿಶ್ವವಿದ್ಯಾಲಯದ ಹೆಸರು ಹೇಳಿದರು. ಸರೀಕರ ಪಟ್ಟಿ ಸಿದ್ಧವಾಯಿತು. ಅದಕ್ಕೆ ಬೇರಾವ ಆಧಾರವೂ ಇರಲಿಲ್ಲ.

ಮುಂದಿನ ಸಭೆಯ ನಕ್ಷೆಯಲ್ಲಿ, ದೊಡ್ಡವರಲ್ಲಿ ಯಾರೂ ಅದಕ್ಕಿಂತ ಕೆಳಗಿಲ್ಲವೆಂದು ಕುಲಪತಿಗಳು ಹೇಳಿದಂತೆ, ನಿಲುಗೆರೆ ಐವತ್ತರಿಂದ ಶುರುವಾಗಿತ್ತು. ಬೂದು ಚುಕ್ಕೆಗಳೆಲ್ಲ ಮೇಲೆ ಬಲಕ್ಕೆ ಗುಂಪುಗೂಡಿದ್ದವು. ಕೆಂಪು ಚುಕ್ಕೆ ಕೆಳಗೆ ಎಡಮೂಲೆಯಲ್ಲಿ, ತರಗತಿಯಿಂದ ಹೊರಗೆ ನಿಲ್ಲಿಸಿದ ಮಗುವಿನಂತೆ ಒಂಟಿಯಾಗಿತ್ತು. ಪಟ್ಟಿ ಮಾಡಿದವರೇ ಅದನ್ನು ಕಂಡು ಬೆಚ್ಚಿದರು. ಪಟ್ಟಿಯನ್ನು ಯಾರೂ ಅನುಮಾನಿಸಲಿಲ್ಲ. ಸಂಜೆ ತರಗತಿಗಳನ್ನು ಅನುಮಾನಿಸಿದರು. ವರ್ಷಾಂತ್ಯಕ್ಕೆ ಅವನ್ನು ನಿಲ್ಲಿಸುವುದು, ಓದಿನ ನಡುವೆ ಇರುವವರು ಹಗಲು ತರಗತಿಗೆ ಬರುವುದು ಎಂದು ತೀರ್ಮಾನವಾಯಿತು. ಆಕೆ ಹಳೆಯ ನಕ್ಷೆಯನ್ನೂ ಲಗತ್ತಿಸಿ ಆಕ್ಷೇಪಣೆ ಬರೆದುಕೊಟ್ಟಳು. ‘ಗಮನಿಸಲಾಯಿತು’ ಎಂಬ ಒಂದೇ ಪದದಲ್ಲಿ ಅದರ ಕಥೆ ಮುಗಿಯಿತು.

ವಿಷಯ ತಿಳಿದ ಸಂಜೆ ಅತ್ತಿಗೆ ಅಡುಗೆಮನೆಯ ಬಾಗಿಲಲ್ಲೇ ಆಕೆಯನ್ನು ತಡೆದಳು.

“ಹಗಲು ಬನ್ನಿ ಅಂತಾರಂತೆ. ನಾನು ಹಗಲು ಕ್ಲಾಸಿಗೆ ಹೋದ್ರೆ ಆಸ್ಪತ್ರೆ ಬೆಡ್‌ಶೀಟು ಒಗೆಯೋಕೆ ನಿಮ್ಮ ಕುಲಪತಿಗಳು ಬರ್ತಾರೇನೇ?”

“ನಾನು ಬೇಡ ಅಂದೆ ಅತ್ತಿಗೆ. ಬರೆದೂ ಕೊಟ್ಟೆ.”

“ಅಂದಿರ್ತೀಯ, ನಿನ್ನ ಬಾಯಿ ನಾನು ಕಂಡಿಲ್ವೇ? ಮನೇಲಿ ಉಪ್ಪು ಕಮ್ಮಿಯಾದ್ರೂ ಬಿಡೋಳಲ್ಲ ನೀನು.” ಅತ್ತಿಗೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಆದ್ರೂ ಕೇಳ್ತೀನಿ. ಆ ಮೂಲೇಲಿ ಚುಕ್ಕೆ ಇಟ್ಟ ಕೈ ಯಾರ್ದು?”

ಅತ್ತಿಗೆಯ ಪುಸ್ತಕಗಳು ಆ ವಾರವೇ ಅಟ್ಟ ಸೇರಿದವು.

ಮರುವರ್ಷದ ನಕ್ಷೆಯನ್ನು ಗೋಡೆಯ ಮೇಲೆ ತೋರಿಸಿದಾಗ ಕುಲಪತಿಗಳು ಎದ್ದು ಹತ್ತಿರ ಹೋದರು.

“ನಮ್ಮ ಚುಕ್ಕೆ ಎಲ್ಲಮ್ಮ?”

“ಕೆಳಗಿದೆ ಸರ್, ನಕ್ಷೆಯಿಂದ ಹೊರಗೆ. ನೀವು ಹೇಳಿದ ಹಾಗೆ ನಿಲುಗೆರೆ ಶುರುವಾಗೋದು ಐವತ್ತರಿಂದ.”

“ಸಂಜೆಯವರನ್ನ ತೆಗೆದ ಮೇಲೂ ಇಳೀತೇ?”

“ಲೆಕ್ಕ ಸೇರಿದವರ ಮೇಲೆ, ಸರ್. ಅವರು ಬಿಟ್ಟು ಹೋದ್ರೂ ಲೆಕ್ಕ ಬಿಡಲ್ಲ. ನಿಧಾನವಾಗಿ ಓದೋರ ಜೊತೆಗೆ, ಈ ವರ್ಷ ಸರಿಯಾಗಿ ಮುಗಿಸ್ಬೇಕಾಗಿದ್ದೋರೂ ಹೋದ್ರು.”

ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಕುಲಸಚಿವರು ಗಂಟಲು ಸರಿಮಾಡಿಕೊಂಡರು. “ಮೇಡಂ, ಹೋದ ವರ್ಷ ಮೊದಲು ಒಂದು ಗುಂಪು ತೋರಿಸಿದ್ರಲ್ಲ, ಸಣ್ಣವರದು? ಅದನ್ನೇ ಹಾಕಿದ್ರೆ ಹೇಗೆ?”

“ಹಾಕೋಕಾಗಲ್ಲ ಸರ್. ಅವರಿಗೆ ಸಂಜೆ ತರಗತಿ ಇದೆ, ನಮಗಿಲ್ಲ. ಈಗ ಅವರೂ ನಮ್ಮ ಸರೀಕರಲ್ಲ.”

ಕೊನೆಗೆ ನಿಲುಗೆರೆಯನ್ನು ಸೊನ್ನೆಯಿಂದ ಆರಂಭಿಸಲು ಅಪ್ಪಣೆಯಾಯಿತು. ಆಕೆ ತನ್ನ ಕೋಣೆಗೆ ಮರಳಿ ಗೆರೆಯನ್ನು ಕೆಳಗಿಳಿಸಿದಳು, ಅತ್ತಿಗೆಯನ್ನೂ ಲೆಕ್ಕದೊಳಗಿಟ್ಟುಕೊಂಡಿದ್ದ ಕೆಂಪು ಚುಕ್ಕೆಯನ್ನು ಅದರ ಜಾಗದಲ್ಲಿಟ್ಟಳು. ಕೂದಲೆಳೆಯಷ್ಟೂ ಮೇಲಕ್ಕೆ ಇಡಲಿಲ್ಲ.