ತೆಗೆದುಹಾಕಿದ ಒಂದು ದಿನ

ಕೊಲ್ಲಿ ದೇಶದ ಈ ಕರಾಮ ಬಡಾವಣೆಯಲ್ಲಿ ನನ್ನ ಫ್ಲಾಟಿನ ಕೆಳಗೊಂದು ಹೋಟೆಲಿದೆ. ಬೆಳಿಗ್ಗೆ ಹತ್ತಾಯಿತೆಂದರೆ ಅಲ್ಲಿ ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕುತ್ತಾರೆ. ವಾಸನೆ ಮೂರನೇ ಮಹಡಿಯವರೆಗೂ ಬರುತ್ತದೆ. ಯಾರಿಗಾದರೂ ಹಸಿವಾಗಬೇಕು. ನಾನು ಕಿಟಕಿ ಮುಚ್ಚುತ್ತೇನೆ. ನೇಪಾಳದ ಬೆಟ್ಟಗಳಲ್ಲಿ ನಡೆದಿದ್ದರೆ ನಿಮಗೂ ಗೊತ್ತಿರುತ್ತದೆ: ಮೇಲೇರಿದಂತೆ ಪ್ರತಿ ಲಾಡ್ಜಿನಲ್ಲೂ ಬೆಳ್ಳುಳ್ಳಿ ಸೂಪ್ ಕುಡಿಸುತ್ತಾರೆ. ಕುಡಿದರೆ ಎತ್ತರದ ತಲೆನೋವು ಬಾರದೆಂಬ ನಂಬಿಕೆ.

ನಾವಿಬ್ಬರು ಹೋದದ್ದು ಎರಡು ವರ್ಷದ ಹಿಂದೆ, ಈದ್ ರಜೆಯಲ್ಲಿ. ಗಿರಿಜಕ್ಕ ಗದಗಿನ ಕಡೆಯವರು, ಅಬುಧಾಬಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಅವರು ಮಾತಾಡುತ್ತಾರೆ, ನಾನು ಕೇಳುತ್ತೇನೆ. ನಮ್ಮ ಸ್ನೇಹ ನಡೆದುಬಂದಿರುವುದೇ ಹಾಗೆ. ತಯಾರಿಗೆಂದು ವಾರಾಂತ್ಯದಲ್ಲಿ ಬೆನ್ನಿಗೆ ಅಕ್ಕಿಯ ಚೀಲ ಹೊತ್ತು ನಮ್ಮ ಕಟ್ಟಡದ ನಾಲ್ಕು ಮಹಡಿಗಳನ್ನು ಹತ್ತಿ ಇಳಿಯುತ್ತಿದ್ದೆವು. ಪಾಪ, ವಾಚ್‌ಮನ್ ಲಿಫ್ಟ್ ಕೆಟ್ಟಿದೆಯೆಂದುಕೊಂಡು ಮೆಕ್ಯಾನಿಕ್ಕನ್ನು ಕರೆಸಿದ್ದ.

ನನ್ನ ಉದ್ಯೋಗ ಕಟ್ಟಡ ಕಂಪನಿಯೊಂದರಲ್ಲಿ ವೇಳಾಪಟ್ಟಿ ಮಾಡುವುದು. ಅಡಿಪಾಯ ಯಾವತ್ತು, ಸ್ಲ್ಯಾಬ್ ಯಾವತ್ತು ಎಂದು ಬರೆದು, ನಡುವೆ ಖಾಲಿ ಉಳಿದ ದಿನಗಳನ್ನು ಹುಡುಕಿ ತೆಗೆಯುವುದು. ಪ್ರವಾಸಕ್ಕೂ ಹಾಗೆಯೇ ಪಟ್ಟಿ ಮಾಡಿದೆ. ಒಂಬತ್ತು ದಿನಗಳ ರಜೆ, ತಾರೀಖು ಬದಲಿಸಲಾಗದ ಅಗ್ಗದ ಟಿಕೆಟ್, ತುದಿಯಲ್ಲಿ ಒಂದು ಸರೋವರ. ಮೈ ಎತ್ತರಕ್ಕೆ ಒಗ್ಗಲು ನಡುವೆ ಒಂದು ದಿನ ಸುಮ್ಮನಿರಬೇಕೆಂದು ಓದಿದ ಕಡೆಯಲ್ಲೆಲ್ಲ ಇತ್ತು. ಆ ದಿನ ನನ್ನ ಪಟ್ಟಿಯಲ್ಲಿ ಏನೂ ಕೆಲಸವಿಲ್ಲದೆ ಕೂತಿತ್ತು. ತೆಗೆದುಹಾಕಿದೆ.

ಅಲ್ಲಿನ ಲಾಡ್ಜುಗಳಲ್ಲಿ ರಾತ್ರಿಯೂಟ ಅಲ್ಲೇ ಮಾಡಿದರೆ ಕೋಣೆ ಹೆಚ್ಚುಕಡಿಮೆ ಪುಕ್ಕಟೆ. ಅನ್ನ, ಬೇಳೆ ಎಷ್ಟು ಸಲ ಬೇಕಾದರೂ ಬಡಿಸುತ್ತಾರೆ. ಮೊದಲ ಮೂರು ದಿನ ಗಿರಿಜಕ್ಕ ಪ್ರತಿ ಸಲವೂ ತಟ್ಟೆ ಮುಂದೆ ಚಾಚಿದರು. "ಬೀಗರ ಮನ್ಯಾಗೂ ಇಷ್ಟು ಉಪಚಾರ ಮಾಡಿರಲಿಲ್ಲ ನೋಡವಾ" ಎಂದು ನಕ್ಕರು. ನಾಲ್ಕನೆಯ ದಿನ ಅನ್ನ ತಟ್ಟೆಯಲ್ಲೇ ಉಳಿಯಿತು. ಮಾತೂ ನಿಂತಿತು. ಮಧ್ಯಾಹ್ನ ಹಾದಿಯಲ್ಲಿ ಅವರು ಎಡಗೈಯ ಗ್ಲೌಸನ್ನು ಬಲಗೈಗೆ ಹಾಕಿಕೊಂಡು, ಹೆಬ್ಬೆರಳಿನ ಜಾಗ ಸಿಗದೆ ಅದನ್ನೇ ದಿಟ್ಟಿಸುತ್ತ ನಿಂತರು. ನಾನು ನೋಡಿದೆ. ನೋಡಿ, ಬೆಟ್ಟದ ಕಡೆ ಮುಖ ತಿರುಗಿಸಿದೆ. ಇನ್ನೊಬ್ಬರ ಮೈಯ ವಿಚಾರ ಕೆದಕಬಾರದೆಂಬುದು ನಾನು ಪಾಲಿಸಿಕೊಂಡು ಬಂದ ಸಭ್ಯತೆ. ಅಂದು ಅದು ನನಗೆ ತುಂಬ ಅನುಕೂಲಕ್ಕೆ ಬಂತು.

ಮರುದಿನ ಬೆಳಿಗ್ಗೆ ಅವರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಲಾಡ್ಜ್ ನಡೆಸುತ್ತಿದ್ದ ಹೆಂಗಸನ್ನು ನಾವು ದೀದಿ ಎನ್ನುತ್ತಿದ್ದೆವು. ಅಬುಧಾಬಿಯ ಖಲೀಫಾ ಸಿಟಿಯ ವಿಲ್ಲಾವೊಂದರಲ್ಲಿ ಆರು ವರ್ಷ ಮನೆಗೆಲಸ ಮಾಡಿ ಬಂದವರು. ನಾವು ಎಲ್ಲಿಂದ ಬಂದವರೆಂದು ತಿಳಿದ ಮೇಲೆ ಅಲ್ಲಿನ ಅರಬ್ಬಿ ಬೆರೆತ ಹಿಂದಿಯಲ್ಲೇ ಮಾತಾಡುತ್ತಿದ್ದರು. ಎತ್ತರ ತಲೆಗೇರಿದೆಯೇ ಎಂದು ನೋಡಲು ನೆಲದ ಹಲಗೆಯೊಂದರ ಗುಂಟ, ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತ ನಡೆಯುವಂತೆ ಗಿರಿಜಕ್ಕನಿಗೆ ಹೇಳಿದರು. ಮೂರನೇ ಹೆಜ್ಜೆಗೇ ಗಿರಿಜಕ್ಕ ಸೌದೆಯ ರಾಶಿಯ ಮೇಲೆ ವಾಲಿದರು.

"ಖಲಾಸ್," ಎಂದರು ದೀದಿ. "ಊಪರ್ ಮಾಫಿ. ನೀಚೆ, ಅಭೀ." ಮುಗಿಯಿತು, ಮೇಲಕ್ಕಿಲ್ಲ, ಈಗಲೇ ಕೆಳಗೆ.

ಸರೋವರಕ್ಕೆ ಇನ್ನು ನಾಲ್ಕೇ ಗಂಟೆಯ ದಾರಿ. ಒಂದು ಮಾತ್ರೆ ನುಂಗಿ ಎರಡು ಗಂಟೆ ಮಲಗಿದರೆ ನಿಧಾನವಾಗಿ ಹೋಗಬಹುದೇ ಎಂದು ನಾನು ಕೇಳಿದೆ. ಹೌದು, ಕೇಳಿದೆ.

ದೀದಿ ಸೌಟು ಕೆಳಗಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಜ್ವರ ಬಂದು ಮಲಗಿದಾಗ ಅಲ್ಲಿ ಮೇಡಂ ಕೂಡ ಹೀಗೇ ಕೇಳುತ್ತಿದ್ದರು. ಒಂದು ಮಾತ್ರೆ, ಎರಡು ಗಂಟೆ, ಸಾಕಾ ಅಂತ."

ಇಳಿದೆವು. ದೀದಿಯ ಗಂಡ ನಮ್ಮ ಚೀಲಗಳನ್ನು ಹೊತ್ತರು, ಗಿರಿಜಕ್ಕ ನನ್ನ ಹೆಗಲಿಗೆ ಜೋತುಬಿದ್ದಿದ್ದರು. ಮಧ್ಯಾಹ್ನ ಕೆಳಗಿನ ಊರಿನಲ್ಲಿ ಕಣ್ಣು ಅರಳಿಸಿ, ಹಸಿವಾಗೇತಿ ಎಂದರು. ನಾನು ಹೊರಗೆ ಹೋಗಿ ಅತ್ತೆ.

ಆಮೇಲೆ ಇಲ್ಲಿ ಕನ್ನಡಿಗರು ಸೇರಿದಲ್ಲೆಲ್ಲ ಅವರು ಈ ಕಥೆ ಹೇಳುತ್ತಿದ್ದರು. ಅದರಲ್ಲಿ ಹೊತ್ತು ಇಳಿಸಿದವಳು ನಾನು, ಜೀವ ಉಳಿಸಿದವಳು ನಾನು. ನಾನು ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯವೆಂದುಕೊಂಡರು.

ಕಳೆದ ಶನಿವಾರ ಅವರು ರೊಟ್ಟಿ ಕಟ್ಟಿಕೊಂಡು ನನ್ನಲ್ಲಿಗೆ ಬಂದಿದ್ದರು. ಭಟ್ಕಳದ ಸಮೀನಾ, ನನ್ನ ಹೊಸ ರೂಮ್‌ಮೇಟ್, ಜೊತೆಗೆ ಊಟಕ್ಕೆ ಕೂತಿದ್ದಳು. "ಇಕಿ ಇರಲಿಲ್ಲಂದ್ರ ನಾ ಅಲ್ಲೇ ಹೋಗತಿದ್ದೆ" ಎಂದು ಗಿರಿಜಕ್ಕ ಅವಳಿಗೆ ಶುರುಮಾಡಿದರು.

ಇಳಿಯುವ ಹಿಂದಿನ ದಿನವೇ ನಿಮ್ಮ ಗ್ಲೌಸು ತಪ್ಪು ಕೈಯಲ್ಲಿದ್ದದ್ದು ನೋಡಿದ್ದೆ, ಗಿರಿಜಕ್ಕ, ಎಂದೆ.

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಮತ್ತ ಯಾಕ ಕೇಳಲಿಲ್ಲ?"

"ಕೇಳಿದರೆ ನೀವು ನಿಜ ಹೇಳಿಬಿಡ್ತೀರಿ ಅಂತ."

ಅವರು ಎದ್ದು ಕೈ ತೊಳೆದುಕೊಂಡರು. ಸಮೀನಾ ನೀರು ತರುವ ನೆಪದಲ್ಲಿ ಒಳಗೆ ಹೋದಳು. ಬಸ್ಸಿನವರೆಗೆ ನಾನೂ ಹೋದೆ. ರಸ್ತೆ ದಾಟುವಾಗ ಯಾವಾಗಲೂ ನನ್ನ ತೋಳು ಹಿಡಿಯುವವರು ಅವತ್ತು ಹಿಡಿಯಲಿಲ್ಲ.

ಸಂಜೆ ಮೆಸೇಜ್ ಬಂತು: ಮನಿ ಮುಟ್ಟಿದೆ. ಅಷ್ಟೇ. ಅಂಥದ್ದಕ್ಕೆ ಹೆಬ್ಬೆರಳಿನ ಒಂದು ಚಿತ್ರ ಕಳಿಸಿ ಸುಮ್ಮನಾಗುವುದು ನನ್ನ ರೂಢಿ. ಫೋನ್ ಮಾಡಿದೆ. ಹೇಗಿದ್ದೀರಿ ಎಂದು ಕೇಳಿದೆ. ಏನಿಲ್ಲ, ಆರಾಮ ಅದೀನಿ ಎಂದರು. ಫೋನ್ ಇಡಲಿಲ್ಲ, ಇನ್ನೊಮ್ಮೆ ಕೇಳಿದೆ. ಆಗ ಅವರು ನಿಜ ಹೇಳತೊಡಗಿದರು.